ಹೋಗೋಣ್ವಾ

ಜನವರಿ ೯

ಅಕ್ಕನ ಮನೆಗೆ ಬಂದು ಸೇರಿದ್ದೇನೆ. ಮೂರನೆಯ ಮಹಡಿ, ಲಿಫ್ಟ್ ಇಲ್ಲ, ಎರಡು ಕೋಣೆ, ಒಂದು ಬಾಲ್ಕನಿ. ಮುಂದಿನ ಕೋಣೆಯಲ್ಲಿ ಭಾವನ ಮಂಚ. ಹಿಂದಿನದರಲ್ಲಿ ಅಕ್ಕ, ನಾನು, ಬಟ್ಟೆಯ ಬೀರು. ಒಪ್ಪಂದ ಸರಳ: ಅಕ್ಕ ಆಸ್ಪತ್ರೆಯ ಲಾಂಡ್ರಿಗೆ ಹೋದಾಗ ಭಾವನನ್ನು ನೋಡಿಕೊಳ್ಳುವುದು ನನ್ನ ಪಾಲು, ನನ್ನ ಊಟ, ಹಾಸಿಗೆ ಅವಳ ಪಾಲು.

ಪ್ರೆಸ್ಸಿನಿಂದ ನನ್ನನ್ನು ತೆಗೆದುಹಾಕಿ ತಿಂಗಳಾಯಿತು. ಮಾಲೀಕನ ವಿರುದ್ಧದ ಕರಪತ್ರವನ್ನು ಮಾಲೀಕನ ಯಂತ್ರದಲ್ಲಿ, ಮಾಲೀಕನ ಕಾಗದದ ಮೇಲೇ ಅಚ್ಚು ಹಾಕಿದ್ದು ಅಪರಾಧವಂತೆ. ಅವನ ಕಾಗದ ಅದಕ್ಕಿಂತ ಒಳ್ಳೆಯ ಕೆಲಸಕ್ಕೆ ಎಂದೂ ಬಂದಿರಲಿಲ್ಲ. ಅಲ್ಲಿ ನನ್ನ ಕೆಲಸ ಮಡಿಚುವುದು. ಮಡಿಚುವ ಮೊದಲು ಒಂದೊಂದನ್ನೂ ಓದುತ್ತಿದ್ದೆ. ಕೂಲಿಯ ಬಗ್ಗೆ, ನೀರಿನ ಬಗ್ಗೆ, ಹೆಂಗಸರ ಬಗ್ಗೆ, ಪ್ರಾಣಿಗಳ ಬಗ್ಗೆ. ಕಾಲೇಜಿನ ಮೆಟ್ಟಿಲು ಹತ್ತದವಳಿಗೆ ಅದೇ ಕಾಲೇಜು.

ಭಾವ ಪೋಸ್ಟ್‌ಮ್ಯಾನ್ ಆಗಿದ್ದರು. ನವೆಂಬರಿನಲ್ಲಿ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದವು, ಜೊತೆಗೆ ಮಾತೂ. ಉಳಿದದ್ದು ಒಂದೇ ಮಾತು: ‘ಹೋಗೋಣ್ವಾ?’ ನೀರು ಬೇಕಾದರೂ ಹೋಗೋಣ್ವಾ, ಬೆನ್ನು ನೊಂದರೂ ಹೋಗೋಣ್ವಾ, ಅಕ್ಕ ಕಣ್ಣೊರೆಸಿಕೊಂಡರೂ ಹೋಗೋಣ್ವಾ. ನನ್ನನ್ನು ‘ಘೋಷಣೆ’ ಎಂದು ಕರೆಯುತ್ತಿದ್ದ ಮನುಷ್ಯ. ಮನೆಗೆ ಬಂದರೆ ‘ಬಂತಪ್ಪ ಘೋಷಣೆ, ಕಿವಿ ಮುಚ್ಕೊಳ್ಳಿ’ ಎನ್ನುತ್ತಿದ್ದರು. ಇವತ್ತು ನನ್ನ ಕೈ ಹಿಡಿದು ಬಹಳ ಹೊತ್ತು ಏನೋ ಹುಡುಕಿದರು. ಕೊನೆಗೆ ‘ಹೋಗೋಣ್ವಾ’ ಎಂದು ತಾವೇ ನಕ್ಕುಬಿಟ್ಟರು.

ಮನೆಯಲ್ಲಿ ನಾಯಿಯೂ ಇದೆ. ಪೋಸ್ಟ್‌ಮ್ಯಾನ್ ಕಂಡರೆ ನಾಯಿಗೆ ಆಗುವುದಿಲ್ಲ ಎನ್ನುತ್ತಾರೆ; ನಮ್ಮ ಭಾವ ತಮ್ಮನ್ನು ಕಚ್ಚಿದ ನಾಯಿಯನ್ನೇ ಮನೆಗೆ ಕರೆತಂದವರು. ‘ಇಷ್ಟು ಮನೆ ಸುತ್ತಿದ್ದೀನಿ, ನನ್ನ ಮುಖ ಸರಿಯಾಗಿ ನೋಡಿದ್ದು ಇದೊಂದೇ’ ಎಂದು ಅವರ ಸಮರ್ಥನೆ. ಇಟ್ಟ ಹೆಸರು ದೊರೆ. ದೊರೆಗಳ ಕಾಲ ಮುಗಿಯಿತು. ನಾನು ಅವನನ್ನು ಸಂಗಾತಿ ಎಂದು ಕರೆಯುತ್ತೇನೆ. ಇನ್ನೊಂದು ತೀರ್ಮಾನ: ಈ ಪುಸ್ತಕದಲ್ಲಿ ಅವನನ್ನು ಎಲ್ಲಿಯೂ ‘ಅದು’ ಎಂದು ಬರೆಯುವುದಿಲ್ಲ. ಉಸಿರಾಡುವ ಜೀವವನ್ನು ಕುರ್ಚಿ ಮೇಜುಗಳ ಸಾಲಿಗೆ ಸೇರಿಸುವ ವ್ಯಾಕರಣವನ್ನು ಯಜಮಾನರು ಬರೆದಿರಬೇಕು.

‘ಸಂಗಾತಿ’ ಎಂದು ಕರೆದೆ. ತಿರುಗಿ ನೋಡಲಿಲ್ಲ. ಅಭ್ಯಾಸವಾಗಬೇಕು.

ಜನವರಿ ೧೨

ಈ ಮನೆಯಲ್ಲಿ ಒಂದು ಅನ್ಯಾಯ ನಡೆಯುತ್ತಿದೆ, ಯಾರಿಗೂ ಕಾಣುತ್ತಿಲ್ಲ.

ಭಾವ ಆರೋಗ್ಯವಾಗಿದ್ದಾಗ ಡ್ಯೂಟಿಗೆ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ, ಬಾಗಿಲ ಪಕ್ಕದ ಮೊಳೆಯಿಂದ ಚೈನು ತೆಗೆದು ಸಂಗಾತಿಯನ್ನು ‘ಹೋಗೋಣ್ವಾ?’ ಎಂದು ಕೇಳುತ್ತಿದ್ದರು. ಕೇಳಿದರೆಂದರೆ ಮುಗಿಯಿತು, ಇಬ್ಬರೂ ಬೀದಿಯಲ್ಲಿ. ಈಗ ಅದೇ ಮಾತು ದಿನವಿಡೀ ಮಂಚದಿಂದ ಬರುತ್ತದೆ. ನೀರು ಬೇಕೇನೋ ಎಂದು ನಾನು ಏಳುವ ಮೊದಲೇ ಅವನು ಎದ್ದಿರುತ್ತಾನೆ. ಬಾಗಿಲ ಹತ್ತಿರ ನಿಲ್ಲುತ್ತಾನೆ. ಮೊಳೆ ನೋಡುತ್ತಾನೆ, ಮಂಚ ನೋಡುತ್ತಾನೆ, ಬಾಲ ನೆಲಕ್ಕೆ ಬಡಿಯುತ್ತದೆ. ಯಾರೂ ಬರುವುದಿಲ್ಲ. ಸುಮಾರು ಹೊತ್ತು ಕಾದು, ಬಾಗಿಲ ಸಂದಿಗೆ ಮೂಗಿಟ್ಟು ಒಮ್ಮೆ ಉಸಿರೆಳೆದು, ಹೋಗಿ ಮಲಗುತ್ತಾನೆ. ಮಲಗಿದ ಮೇಲೆ ಮತ್ತೆ: ‘ಹೋಗೋಣ್ವಾ?’ ಮತ್ತೆ ಏಳುತ್ತಾನೆ.

ಬೆಳಗ್ಗೆ ರಾತ್ರಿ ಅಕ್ಕ ಚೈನು ಮುಟ್ಟದೆ, ಕುತ್ತಿಗೆಪಟ್ಟಿ ಹಿಡಿದು ಅವನನ್ನು ಅಂಗಳಕ್ಕೆ ಇಳಿಸಿ ಉಚ್ಚೆ ಹೊಯ್ಯಿಸಿ ಹತ್ತಿಸುತ್ತಾಳೆ. ಅಷ್ಟೇ ಅವನ ಪ್ರಪಂಚ.

ಅಕ್ಕನಿಗೆ ಹೇಳಿದೆ, ‘ಇದು ಹಿಂಸೆ.’

‘ಹೂಂ, ಹಿಂಸೇನೇ. ಕರ್ಕೊಂಡು ಹೋಗು. ಚೈನು ಅಲ್ಲೇ ಇದೆ.’

‘ಯಾವ ಜೀವಾನೂ ಕುತ್ತಿಗೆಗೆ ಚೈನು ಹಾಕಿ ಎಳೆಯೋಳಲ್ಲ ನಾನು.’

ಅಕ್ಕ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಲಾಂಡ್ರಿಯ ಹಬೆಯಲ್ಲಿ ನಿಂತು ನಿಂತು ಅವಳ ಪಾದ ಬ್ರೆಡ್ಡಿನ ಹಾಗೆ ಉಬ್ಬಿರುತ್ತದೆ. ‘ನಾಯಿಗೆ ಕೆಲಸ ಇಲ್ಲ, ಕೂರೋಕೆ ಪುರುಸೊತ್ತಿಲ್ಲ ಅಂತಾರಲ್ಲ, ನಿಮ್ಮಿಬ್ಬರಿಗೂ ಒಂದೇ ಗಾದೆ ಸಾಕು ಕಣೇ’ ಎಂದಳು.

ಆ ಗಾದೆಯನ್ನು ಯೋಚಿಸುತ್ತಲೇ ಇದ್ದೇನೆ. ಕೆಲಸ ಕಿತ್ತುಕೊಂಡವರೇ ಕಟ್ಟಿದ ಗಾದೆ ಅದು. ಕಾಯುವ, ಅಟ್ಟುವ, ಹುಡುಕುವ ಕೆಲಸ ಇದ್ದ ಪ್ರಾಣಿಯನ್ನು ನಾಲ್ಕು ಗೋಡೆಯೊಳಗೆ ತಂದು ಹಾಕಿ, ಆಮೇಲೆ ಅದು ಸುಮ್ಮನೆ ಕೂರುವುದಿಲ್ಲ ಎಂದು ನಗುವುದು!

ಜನವರಿ ೧೫

ಅಕ್ಕನಿಗೆ ವಾರದ ರಜೆ. ಸಂಗಾತಿಯನ್ನು ಚೈನಿಲ್ಲದೆ ಹೊರಗೆ ಕರೆದೊಯ್ದೆ. ಸ್ವತಂತ್ರ ಜೀವಿಗಳು ಜೊತೆಯಾಗಿ ನಡೆಯುವುದು ಹೇಗಿರುತ್ತದೆ ಎಂದು ಜಗತ್ತಿಗೆ ತೋರಿಸಬೇಕಿತ್ತು.

ಗೇಟು ದಾಟಿದ್ದೇ ತಡ, ಬಾಣದಂತೆ ಹೋದ. ಆದರೆ ದಿಕ್ಕೆಟ್ಟು ಓಡಲಿಲ್ಲ. ಎಡಕ್ಕೆ ತಿರುಗಿ ಮೊದಲ ಮನೆಯ ಗೇಟಿನ ಮುಂದೆ ನಿಂತ. ಒಂದು ಕಾಗದ ಡಬ್ಬಿಗೆ ಹಾಕುವಷ್ಟು ಹೊತ್ತು. ಅಲ್ಲಿಂದ ಎರಡನೆಯದು. ಮೂರನೆಯದನ್ನು ಬಿಟ್ಟು ರಸ್ತೆ ದಾಟಿ ಎದುರಿನದಕ್ಕೆ. ಭಾವ ದಿನವೂ ಕಾಗದ ಹಂಚುತ್ತಿದ್ದ ಬೀಟು! ರಜೆಯ ದಿನವೂ ಅವರ ಕಾಲಿಗೆ ಬೇರೆ ದಾರಿ ಗೊತ್ತಿರಲಿಲ್ಲ ಎಂದು ಅಕ್ಕ ಹೇಳುತ್ತಿದ್ದಳು. ಪ್ರತಿ ಗೇಟಿನಲ್ಲೂ ನಿಂತು ಹಿಂದೆ ನೋಡುತ್ತಿದ್ದ. ನೋಡಿದರೆ ನಾನು. ಮುಂದಕ್ಕೆ ಓಡುತ್ತಿದ್ದ. ಒಂದು ಮನೆಯಲ್ಲಿ ಗೇಟು ತೆರೆದಿತ್ತು, ಒಳಗೇ ನುಗ್ಗಿದ. ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಕಿರುಚಿಕೊಂಡು ಬಕೆಟ್ ಬೀಳಿಸಿದಳು. ನಾನು ‘ಸಂಗಾತಿ! ಸಂಗಾತಿ!’ ಎಂದು ಬೀದಿಯಲ್ಲಿ ಕೂಗುತ್ತಾ ಓಡುವುದನ್ನು ನೋಡಿ ಜನ ಬೇರೆಯೇ ಏನೋ ತಿಳಿದುಕೊಂಡಿರಬೇಕು.

ಕೊನೆಗೆ ಪೋಸ್ಟ್ ಆಫೀಸಿನ ಕಟ್ಟೆಯ ಮೇಲೆ ಸಿಕ್ಕಿದ. ಹತ್ತಿರ ಹೋದರೂ ಏಳಲಿಲ್ಲ. ‘ದೊರೆ’ ಎಂದೆ. ಎದ್ದು ಬಂದ.

ಜನವರಿ ೧೬

ಕಟ್ಟಡ ಸಂಘದ ಕಾರ್ಯದರ್ಶಿ ಬಂದಿದ್ದರು. ಕೆಳಗಿನ ಮನೆಯವರೇ. ನಿವೃತ್ತರು, ಇಸ್ತ್ರಿ ಮಾಡಿದ ಶರ್ಟು, ಮೆತ್ತನೆಯ ದನಿ.

‘ಏನಮ್ಮಾ, ನಾಯಿನ ಹಾಗೇ ಬಿಟ್ಟಿದ್ದೆಯಂತೆ?’

‘ಚೈನು ಹಾಕೋದು ದಾಸ್ಯ ಸಾರ್.’

‘ಇರಬಹುದು. ನಾಳೆ ಯಾರಿಗಾದ್ರೂ ಕಚ್ಚಿದ್ರೆ ಇಂಜೆಕ್ಷನ್ ತಗೊಳ್ಳೋರು ಮನುಷ್ಯರು, ನಿನ್ನ ದಾಸ್ಯ ಅಲ್ವಲ್ಲ.’

ಭಾವ ಒಳಗಿನಿಂದ ‘ಹೋಗೋಣ್ವಾ?’ ಎಂದರು. ‘ಇಲ್ಲ ಇಲ್ಲ, ನೀವು ಮಲಗಿ, ನಾನು ಹೊರಟೆ’ ಎಂದು ಕಾರ್ಯದರ್ಶಿ ಗಡಿಬಿಡಿಯಿಂದ ಕೈಮುಗಿದು ಇಳಿದುಹೋದರು. ಅಕ್ಕ, ಭಾವ, ನಾನು ಮೂವರೂ ನಕ್ಕೆವು. ಅವನು ಮಾತ್ರ ಬಾಗಿಲ ಹತ್ತಿರವೇ ನಿಂತಿದ್ದ.

ಜನವರಿ ೨೦

ತತ್ವವನ್ನು ಬಿಟ್ಟಿಲ್ಲ, ತಾತ್ಕಾಲಿಕವಾಗಿ ಹೊಂದಿಸಿಕೊಂಡಿದ್ದೇನೆ: ಚೈನಿನ ಎರಡು ತುದಿಯಲ್ಲೂ ಒಬ್ಬೊಬ್ಬರಿರುತ್ತಾರೆ, ಯಾರು ಯಾರನ್ನು ಕಟ್ಟಿದ್ದಾರೆ ಎಂಬುದು ನೋಡುವವರ ದೃಷ್ಟಿ. ಭಾವನಿಗೆ ತಿಂಡಿ ತಿನ್ನಿಸಿ, ಬೆನ್ನಿಗೆ ದಿಂಬು ಕೊಟ್ಟು, ನೀರಿನ ಜಗ್ಗನ್ನು ಕೈಗೆ ಸಿಗುವ ಹಾಗೆ ಇಟ್ಟು, ಮೊಳೆಯಿಂದ ಚೈನು ತೆಗೆದೆ.

ಎಂಥ ನಡಿಗೆ! ಈ ಊರಿನಲ್ಲಿ ಇಷ್ಟು ವಾಸನೆಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ಒಂದೊಂದು ಕಂಬವನ್ನೂ ದೊರೆ ನಾನು ಕರಪತ್ರ ಓದಿದ ಹಾಗೆ ಓದುತ್ತಾನೆ, ಮೇಲಿನಿಂದ ಕೆಳಕ್ಕೆ, ಅಚ್ಚಿನ ತಪ್ಪನ್ನೂ ಬಿಡದೆ. ಒಂದು ಕಡೆ ಎಲೆಯ ರಾಶಿಯಲ್ಲಿ ಮೂಗು ತೂರಿಸಿ ಸೀನಿದ. ನಾನು ಜೋರಾಗಿ ನಕ್ಕೆ. ಪ್ರೆಸ್ ಬಿಟ್ಟ ಮೇಲೆ ಬೀದಿಯಲ್ಲಿ ನಕ್ಕದ್ದು ಇದೇ ಮೊದಲು.

ಬಂದು ಬಾಗಿಲು ತಳ್ಳಿದರೆ ತೆರೆಯಲಿಲ್ಲ. ಒಳಗೆ ಅಡ್ಡಲಾಗಿ ಭಾವ ಬಿದ್ದಿದ್ದರು. ಹಣೆ ಒಡೆದಿತ್ತು. ಪಕ್ಕದ ಮನೆಯವರನ್ನು ಕರೆದು ತಳ್ಳಿ ಒಳಗೆ ಹೋದೆವು. ಮಂಚದಿಂದ ಬಾಗಿಲವರೆಗೆ ಅದು ಹೇಗೆ ತೆವಳಿ ಬಂದರೋ. ಎಡಗಾಲಿಗೆ ಚಪ್ಪಲಿ ಇತ್ತು. ಇನ್ನೊಂದು ಚಪ್ಪಲಿ ಎಡಗೈಯಲ್ಲಿ.

ಜನವರಿ ೨೧

ಹಣೆಗೆ ಹೊಲಿಗೆ ಹಾಕಿದ್ದಾರೆ. ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ನೀರಿಗೆ ಎದ್ದಿರಬೇಕು’ ಎಂದಳು. ಜಗ್ಗು ಮಂಚದ ಪಕ್ಕದಲ್ಲೇ ತುಂಬಿತ್ತು. ಅದನ್ನು ಹೇಳಲಿಲ್ಲ.

ಆಮೇಲೆ ಒಂದೇ ಪ್ರಶ್ನೆ ಕೇಳಿದಳು. ‘ನಾಯಿನಾ, ಮನುಷ್ಯನಾ? ನೀನೇ ಹೇಳು.’

ಇನ್ನು ಮೇಲೆ ಭಾವನನ್ನು ಒಂಟಿಯಾಗಿ ಬಿಡುವ ಹಾಗಿಲ್ಲ. ಲಾಂಡ್ರಿಯಲ್ಲಿ ಇಬ್ಬರು ಕೆಲಸ ಬಿಟ್ಟಿದ್ದಾರೆ, ಅಕ್ಕನ ವಾರದ ರಜೆಯೂ ರದ್ದಾಗಿದೆ. ಲೆಕ್ಕ ಹಾಕಿ ನೋಡಿದೆ, ಯಾವ ಕಡೆಯಿಂದ ಹಾಕಿದರೂ ದೊರೆಗೆ ಬೀದಿ ಸಿಗುವುದಿಲ್ಲ.

ಜನವರಿ ೨೯

ಮುಂಗಾಲು ನೆಕ್ಕುತ್ತಾನೆ. ಒಂದೇ ಜಾಗ, ಒಂದೇ ಸಮ. ಕೂದಲು ಹೋಗಿ ಕೆಂಪು ಚರ್ಮ ಕಾಣುತ್ತಿದೆ. ಬಟ್ಟೆ ಕಟ್ಟಿದರೆ ಬಟ್ಟೆಯನ್ನೇ ನೆಕ್ಕುತ್ತಾನೆ. ನೆಕ್ಕದಿದ್ದರೆ ಸುತ್ತುತ್ತಾನೆ: ಮಂಚದ ಕಾಲು, ಬೀರು, ಬಾಲ್ಕನಿ ಬಾಗಿಲು, ಮಂಚದ ಕಾಲು. ಮೊಸಾಯಿಕ್ ನೆಲದ ಮೇಲೆ ಉಗುರಿನ ಸದ್ದು, ಯಂತ್ರ ಕಾಗದ ಎಳೆದುಕೊಂಡ ಹಾಗೆ. ಮಧ್ಯೆ ಮಧ್ಯೆ ಗೋಡೆಗೆ ಬೊಗಳುತ್ತಾನೆ. ಗೋಡೆಯಲ್ಲಿ ಏನೂ ಇಲ್ಲ. ಕೆಳಗಿನಿಂದ ಕೋಲಿನಲ್ಲಿ ತಾರಸಿ ಕುಟ್ಟುತ್ತಾರೆ. ಅದಕ್ಕೂ ಬೊಗಳುತ್ತದೆ.

ಅಕ್ಕ ಅದನ್ನು ಹಗಲು ಬಾಲ್ಕನಿಯಲ್ಲಿ ಹಾಕು ಎಂದಳು, ಭಾವನ ಮಾತು ಕಿವಿಗೆ ಬೀಳದ ಹಾಗೆ. ಹಾಕಿದೆ. ಗಾಜಿನ ಆಚೆಯಿಂದ ಭಾವನ ತುಟಿ ನೋಡುತ್ತಾ ಕೂತಿದ್ದ. ತುಟಿ ಅಲುಗಿದರೆ ಎದ್ದು ನಿಲ್ಲುತ್ತಿದ್ದ.

ಫೆಬ್ರವರಿ ೩

ಮಾತು ಕಲಿಸುವ ಮೇಡಂ ಬಂದಿದ್ದರು. ಆಸ್ಪತ್ರೆಯಿಂದ ಅಪರೂಪಕ್ಕೆ ಕಳಿಸುತ್ತಾರೆ. ಚಿತ್ರದ ಕಾರ್ಡು ಹಿಡಿದು ‘ಇದೇನು ಹೇಳಿ’ ಎಂದರೆ, ಲೋಟಕ್ಕೂ ಬಾಚಣಿಗೆಗೂ ಒಂದೇ ಉತ್ತರ. ಒಂದು ಕಾರ್ಡಿನಲ್ಲಿ ಬೀದಿ ಇತ್ತು, ಎರಡು ಮರ, ಒಂದು ಗೇಟು. ಅದನ್ನು ಕೈಯಲ್ಲಿ ಹಿಡಿದುಕೊಂಡು ವಾಪಸ್ ಕೊಡಲಿಲ್ಲ. ‘ಹೋಗೋಣ್ವಾ’ ಎಂದರು, ಬಹಳ ಮೆಲ್ಲಗೆ.

ನಾನು ಕೇಳಿದೆ, ‘ಆ ಮಾತು ಕಡಿಮೆ ಮಾಡಿಸೋಕೆ ಆಗಲ್ವಾ ಮೇಡಂ? ನಾಯಿಗೆ ಹಿಂಸೆ ಆಗ್ತಿದೆ.’

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ‘ಅದೊಂದು ಎಳೆ ಉಳಿದಿದೆ ಅಂತ ನಾನು ಬರ್ತಿದ್ದೀನಿ ಕಣಮ್ಮಾ. ಅದನ್ನ ಹಿಡ್ಕೊಂಡೇ ಬೇರೆ ಮಾತು ಬರ್ಬೇಕು. ಅವರು ಹೇಳಿದಾಗೆಲ್ಲ ಉತ್ತರ ಕೊಡಿ. ಅದೂ ನಿಂತುಹೋದ್ರೆ ಆಮೇಲೆ ಕಷ್ಟ.’

ಅಂದರೆ ಒಬ್ಬರು ಹೇಳುತ್ತಲೇ ಇರಬೇಕು, ಇನ್ನೊಬ್ಬರು ಕೇಳಿ ಸಾಯುತ್ತಲೇ ಇರಬೇಕು.

ಫೆಬ್ರವರಿ ೬

ಹಳೆಯ ದಿನಪತ್ರಿಕೆಯನ್ನು ಪ್ರೆಸ್ಸಿನ ಹಾಗೆ ಮಡಿಚಿದೆ. ಎರಡು ಮಡಿಕೆ, ನಾಲ್ಕು, ಎಂಟು. ನಡುವೆ ಬಿಸ್ಕತ್ತಿನ ಚೂರು. ಅಂಥವನ್ನು ಮಂಚದ ಕೆಳಗೆ, ಚಪ್ಪಲಿಯೊಳಗೆ, ಬೀರುವಿನ ಸಂದಿಯಲ್ಲಿ ಇಟ್ಟೆ. ದೊರೆ ಮೊದಲು ಕೂತೇ ಇದ್ದ. ಆಮೇಲೆ ಮೂಗು ಎದ್ದಿತು, ಮೂಗಿನ ಹಿಂದೆ ಅವನು ಎದ್ದ. ಒಂದೊಂದನ್ನೂ ಹುಡುಕಿ, ಮುಂಗಾಲಲ್ಲಿ ಒತ್ತಿ, ಹಲ್ಲಲ್ಲಿ ಒಂದೊಂದೇ ಮಡಿಕೆ ಬಿಚ್ಚಿದ. ಹರಿದುಹಾಕಲಿಲ್ಲ, ಬಿಚ್ಚಿದ! ಹಣೆಯಲ್ಲಿ ಗೆರೆ ಬೀಳುವಷ್ಟು ಯೋಚನೆ. ಮುಗಿದ ಮೇಲೆ ಕಾಲು ನೆಕ್ಕದೆ ನಿದ್ದೆ ಹೋದ.

ಭಾವ ಇಡೀ ಹೊತ್ತು ದಿಂಬಿಗೊರಗಿ ನೋಡುತ್ತಿದ್ದರು. ದಿಂಬಿನ ಕೆಳಗಿನ ಪೊಟ್ಟಣಕ್ಕಾಗಿ ದೊರೆ ಮಂಚ ಹತ್ತಿದಾಗ ಗಟ್ಟಿಯಾಗಿ ನಕ್ಕರು. ಎಡಗೈಯಿಂದ ತಾವೇ ಇನ್ನೊಂದು ಪೊಟ್ಟಣ ಮಡಿಚಲು ನೋಡಿದರು. ಬಂತು, ಒಂದು ಮಡಿಕೆ.

ಫೆಬ್ರವರಿ ೮

ಭಾವ ಎರಡು ಮಡಿಕೆ ಮಾಡಿದರು. ದೊರೆ ಬೊಗಳಿದ್ದು ಒಂದೇ ಸಲ. ಅಕ್ಕ ಬಂದು ನೆಲದ ತುಂಬ ಕಾಗದ ನೋಡಿ ‘ಇದೇನೇ ಇದು, ಪ್ರೆಸ್ಸೇ ಮನೆಗೆ ತಂದ್ಯಾ?’ ಎಂದಳು. ಆದರೆ ಪೊರಕೆ ಹಿಡಿದಾಗ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

ಫೆಬ್ರವರಿ ೧೧

ಎರಡು ದಿನದಿಂದ ನನ್ನನ್ನು ಒಂದು ವಿಚಾರ ಕೊರೆಯುತ್ತಿದೆ. ಒಂದು ನಾಯಿಗೆ ಕಾಗದದಲ್ಲಿ ಬಿಸ್ಕತ್ತು ಅಡಗಿಸಿಡುವುದು ದಾನ. ದಾನದಿಂದ ಯಾವ ಸೆರೆಮನೆಯೂ ಒಡೆದಿಲ್ಲ, ಕೈದಿಗೆ ಸೆರೆ ಸಹ್ಯವಾಗುತ್ತದೆ ಅಷ್ಟೇ. ಈ ಕಟ್ಟಡದಲ್ಲೇ ಇನ್ನೂ ನಾಯಿಗಳಿವೆ, ಒಂದು ಸದಾ ಬಾತ್‌ರೂಮಿನಲ್ಲಿ ಅಳುತ್ತದೆ. ಪ್ರತಿ ಮನೆಯಿಂದ ಒಬ್ಬರು ಸರದಿಯಂತೆ ಎಲ್ಲ ನಾಯಿಗಳನ್ನೂ ನಡೆಸಿಕೊಂಡು ಬಂದರೆ ಯಾರಿಗೂ ಹೊರೆಯಲ್ಲ. ಇದನ್ನು ಜನರಿಗೆ ತಿಳಿಸಿದವರಿಲ್ಲ. ತಿಳಿದರೆ ಮಾಡದೇ ಇರಲಾರರು.

ಕರಪತ್ರ ಬರೆಯುತ್ತೇನೆ.

ಫೆಬ್ರವರಿ ೧೭

ಶೀರ್ಷಿಕೆ: ‘ನಾಯಿಗೂ ಬೀದಿ ಬೇಕು’. ಮೊದಲ ಪುಟ ಐದು ಸಲ ಬರೆದೆ. ಕೆಲವು ವಾಕ್ಯ ನಿಜಕ್ಕೂ ಚೆನ್ನಾಗಿ ಬಂದಿವೆ:

‘ಹೊಟ್ಟೆಗೆ ಹಾಕಿದರೆ ಸಾಕೆಂದು ತಿಳಿಯುವುದು ಮೊದಲ ತಪ್ಪು. ದಿನವೂ ಅದೇ ಗೋಡೆ, ಅದೇ ವಾಸನೆ, ಅದೇ ಸದ್ದು ಇದ್ದರೆ ಯಾವ ಜೀವದ ಬುದ್ಧಿಯೂ ಮೆಲ್ಲಗೆ ಆರುತ್ತದೆ. ಅದಕ್ಕೆ ಬೇಕಾದ್ದು ದಯೆಯಲ್ಲ, ನಡಿಗೆ, ಹೊಸ ಗಾಳಿ, ಕಾಣಲು, ಹುಡುಕಲು, ಬೇಕು-ಬೇಡ ಹೇಳಲು ಅವಕಾಶ. ಕೇಳಿ ಕೇಳಿ ಸಿಗದೆ ಹೋದ ಜೀವ ಒಂದು ದಿನ ಕೇಳುವುದನ್ನು ನಿಲ್ಲಿಸುತ್ತದೆ. ಆ ಮೌನವನ್ನು ನಾವು ಒಳ್ಳೆಯ ಗುಣ ಎನ್ನುತ್ತೇವೆ. ನಡೆಸಲಾಗದವನಿಗೆ ಸಾಕುವ ಹಕ್ಕಿಲ್ಲ.’

ಭಾವ ಇಡೀ ಬೆಳಗ್ಗೆ ‘ಹೋಗೋಣ್ವಾ, ಹೋಗೋಣ್ವಾ’ ಎಂದು ತಡೆಯುತ್ತಿದ್ದರು. ಕಾಗದ ಮಡಿಚುವ ಹಾಗೆ ಎಡಗೈ ತೋರಿಸುತ್ತಿದ್ದರು. ‘ಈಗ ಬೇಡ ಭಾವ, ದೊಡ್ಡ ಕೆಲಸ ಇದೆ’ ಎಂದು ಮಂಚವನ್ನು ಸ್ವಲ್ಪ ಆ ಕಡೆ ತಿರುಗಿಸಿದೆ. ದೊರೆಯನ್ನು ಬಾಲ್ಕನಿಯಲ್ಲಿ ಹಾಕಿದೆ. ಯಾವುದಾದರೂ ಒಂದು ಆಗಬೇಕಾದರೆ ಸ್ವಲ್ಪ ನಿಶ್ಶಬ್ದ ಬೇಕು.

ಫೆಬ್ರವರಿ ೨೩

ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವ ಕನ್ನಡಕ (ಅವನನ್ನು ಎಲ್ಲರೂ ಹಾಗೇ ಕರೆಯುವುದು) ಉಳಿದ ಚೂರು ಕಾಗದದ ಮೇಲೆ ಅಚ್ಚು ಹಾಕಿ ತಂದುಕೊಟ್ಟ. ‘ನಾಯಿ ಎಲ್ಲಿ?’ ಎಂದು ಕೇಳಿದ. ಬಾಲ್ಕನಿ ತೋರಿಸಿದೆ. ಗಾಜಿನ ಮೂಲಕ ಸ್ವಲ್ಪ ಹೊತ್ತು ನೋಡಿ, ‘ಕರಪತ್ರ ಚೆನ್ನಾಗಿದೆ’ ಎಂದಷ್ಟೇ ಹೇಳಿ ಹೋದ.

ಅಕ್ಕ ಬಂದ ಮೇಲೆ ಎಲ್ಲ ಬಾಗಿಲ ಸಂದಿಯಲ್ಲೂ ತೂರಿಸಿದೆ. ಮಡಿಕೆಗಳು ಅಂಚಿಗೆ ಅಂಚು ಕೂತಿವೆ.

ಫೆಬ್ರವರಿ ೨೬

ಮೆಟ್ಟಿಲ ಗೋಡೆಗೆ ಒಂದನ್ನು ಅಂಟಿಸಿ, ‘ನಾಯಿಗೂ ಬೀದಿ ಬೇಕು’ ಎಂಬುದರ ಕೆಳಗೆ ಯಾರೋ ‘ನಮಗೂ ನಿದ್ದೆ ಬೇಕು’ ಎಂದು ಬರೆದಿದ್ದಾರೆ. ಎರಡನೆಯ ಮಹಡಿಯ ಮಹಾರಾಯ ‘ಸರದೀಲಿ ನಮ್ಮ ಅತ್ತೇನೂ ಸೇರಿಸ್ಕೊಳ್ತೀರಾ?’ ಎಂದು ಕೇಳಿ ತಾನೇ ನಕ್ಕ. ಸರದಿಗೆ ಹೆಸರು ಕೊಟ್ಟವರು ಯಾರೂ ಇಲ್ಲ.

ದೊರೆಯ ಕಾಲಿನ ಗಾಯ ಕೀವಾಗಿದೆ. ಕಾಗದದ ಪೊಟ್ಟಣ ಮಾಡಿ ಮುಂದೆ ಇಟ್ಟೆ. ಮೂಸಲಿಲ್ಲ.

ಮಾರ್ಚ್ ೨

ಕಾರ್ಯದರ್ಶಿ ಬಂದರು, ಕೈಯಲ್ಲಿ ನನ್ನ ಕರಪತ್ರ. ಕೆಂಪು ಇಂಕಿನಲ್ಲಿ ಗೆರೆ ಎಳೆದಿದ್ದರು. ಜಗಳಕ್ಕೆ ಸಿದ್ಧವಾಗಿ ನಿಂತೆ.

‘ತುಂಬ ಚೆನ್ನಾಗಿ ಬರ್ದಿದ್ದೀಯಮ್ಮಾ’ ಎಂದರು. ‘ನಾನು ಎರಡು ಸಲ ಓದ್ದೆ. ನಮಗೆಲ್ಲ ಬೊಗಳೋದು ತೊಂದರೆ ಅಂತ ಮಾತ್ರ ಕಾಣ್ತಿತ್ತು. ಅದರ ಸಂಕಟ ಅಂತ ಹೊಳೆದಿರಲಿಲ್ಲ.’

ಕನಸು ನಿಜವಾಗುತ್ತಿದೆ ಅನ್ನಿಸಿತು.

‘ಅದಕ್ಕೇ ಮೀಟಿಂಗ್ ಮಾಡಿದ್ವಿ. ಇಲ್ಲಿ ನೋಡು, ನಿನ್ನ ಮಾತೇ. ನಡೆಸಲಾಗದವನಿಗೆ ಸಾಕುವ ಹಕ್ಕಿಲ್ಲ. ಎಲ್ಲರೂ ಒಪ್ಪಿದ್ರು. ಪ್ರಾಣಿ ಆಶ್ರಯದವರಿಗೆ ಹೇಳಿದ್ದೀವಿ, ಗಾಡಿ ಕಳಿಸ್ತಾರೆ. ಮನೆಯವರ ಒಂದು ಸಹಿ ಬೇಕು.’

‘ನಾನು ಹೇಳಿದ್ದು ಅದಲ್ಲ! ಸರದಿ ಮಾಡಿ ಅಂತ...’

‘ಸರದಿಗೆ ಯಾರಮ್ಮಾ ಬರ್ತಾರೆ? ನೀನೇ ಬರೋಕಾಗ್ತಿಲ್ಲ.’ ಕುಹಕವಿರಲಿಲ್ಲ ಅವರ ದನಿಯಲ್ಲಿ. ಇದ್ದಿದ್ದರೆ ನಾನು ಗೆಲ್ಲುತ್ತಿದ್ದೆ.

ಅಕ್ಕ ಲಾಂಡ್ರಿಯ ಬಟ್ಟೆಯಲ್ಲೇ ನಿಂತಿದ್ದಳು. ಕರಪತ್ರ ತೆಗೆದುಕೊಂಡು ಆ ಸಾಲನ್ನು ಬೆರಳಿಟ್ಟು ಓದಿದಳು. ಪೆನ್ನು ಕೇಳಿದಳು. ನಾನು ಅವಳ ಕೈ ಹಿಡಿದೆ.

‘ಬಿಡು’ ಎಂದಳು. ‘ನೀನೇ ಬರ್ದಿದ್ದೀಯಲ್ಲೇ. ಸುಳ್ಳು ಬರ್ದಿದ್ದೀಯಾ?’

ಸುಳ್ಳು ಬರೆದಿರಲಿಲ್ಲ. ಕೈ ಬಿಟ್ಟೆ.

ಮಾರ್ಚ್ ೪

ಭಾವ ಹೇಳಿದರೆ ಈಗ ನಾಯಿ ಏಳುವುದಿಲ್ಲ. ಒಂದು ಕಿವಿ ಎತ್ತಿ ಇಳಿಸುತ್ತದೆ. ಇವತ್ತು ಕಿವಿಯನ್ನೂ ಎತ್ತಲಿಲ್ಲ. ಬೊಗಳುವುದೂ ನಿಂತಿದೆ. ‘ಇಷ್ಟು ದಿನಕ್ಕೆ ಬುದ್ಧಿ ಬಂತು ನೋಡಿ’ ಎಂದು ಪಕ್ಕದ ಮನೆಯವರು ಹೇಳಿದರು.

ಮಾರ್ಚ್ ೫

ಆಶ್ರಯದಿಂದ ಇಬ್ಬರು ಬಂದರು, ಒಬ್ಬಳು ಹುಡುಗಿ, ನನ್ನ ವಯಸ್ಸಿನವಳೇ. ಅದು ಬಾಲ್ಕನಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿತ್ತು. ಕರೆದರೂ ತಲೆ ಎತ್ತಲಿಲ್ಲ. ‘ಎತ್ಕೊಂಡೇ ಇಳಿಸಬೇಕೇನೋ’ ಎಂದು ಅವರು ಮಾತಾಡಿಕೊಂಡರು. ಆ ಹುಡುಗಿ ಬಾಗಿಲ ಪಕ್ಕದ ಮೊಳೆ ನೋಡಿ ಚೈನು ತೆಗೆದುಕೊಂಡಳು.

ಚೈನಿನ ಸದ್ದು.

ಅದು ಎದ್ದ ರೀತಿಯನ್ನು ಬರೆಯಲು ಬರುತ್ತಿಲ್ಲ. ಕುಂಟುವ ಕಾಲಿನಲ್ಲೇ ಮೂರು ಸುತ್ತು ಕುಣಿಯಿತು, ಗಂಟಲಿನಿಂದ ಏನೇನೋ ಸದ್ದು, ಕೂತುಕೊಂಡು ತಾನೇ ಕುತ್ತಿಗೆ ಒಡ್ಡಿತು. ಆ ಹುಡುಗಿ ‘ಅಯ್ಯೋ, ಎಷ್ಟು ಒಳ್ಳೇದು ಇದು! ಬರೋಕೆ ಎಷ್ಟು ಆಸೆ ನೋಡಿ’ ಎಂದಳು. ಅವಳ ಕೈ ಎಳೆದುಕೊಂಡೇ ಮೆಟ್ಟಿಲು ಇಳಿಯಿತು. ಎಲ್ಲರಿಗಿಂತ ಮುಂದೆ. ಹಿಂದೆ ನೋಡಲಿಲ್ಲ.

ಭಾವ ಮಂಚದ ಅಂಚು ಹಿಡಿದು ಎದ್ದು ಕೂತಿದ್ದರು. ತೆರೆದ ಬಾಗಿಲು ನೋಡುತ್ತಾ ‘ಹೋಗೋಣ್ವಾ?’ ಎಂದರು. ಅಕ್ಕ ನೀರು ತಂದಳು. ಕುಡಿಯಲಿಲ್ಲ. ‘ಹೋಗೋಣ್ವಾ? ಹೋಗೋಣ್ವಾ?’ ಕೆಳಗೆ ಗಾಡಿ ಶುರುವಾಗುವವರೆಗೂ ಹೇಳುತ್ತಿದ್ದರು. ಉತ್ತರ ಕೊಡಬೇಕು ಎಂದು ಮೇಡಂ ಹೇಳಿದ್ದಾರೆ. ಯಾವ ಉತ್ತರ ಕೊಡಲಿ?

ಮಾರ್ಚ್ ೧೪

ಆಶ್ರಯಕ್ಕೆ ಫೋನು ಮಾಡಿದೆ. ‘ಯಾವ ನಾಯಿ? ಕಂದು ಬಣ್ಣದ್ದಾ? ಕಂದು ತುಂಬ ಇವೆ. ಹೆಸರೇನು?’

ದೊರೆ ಎಂದೆ.

‘ಇಲ್ಲಿ ಹೆಸರಿಂದ ಕರೆಯಲ್ಲಮ್ಮ, ಗೂಡಿನ ನಂಬರು.’

ದಿನವೂ ನಡೆಸುತ್ತೀರಾ ಎಂದು ಕೇಳಿದೆ. ‘ಆಳಿದ್ದಾಗ’ ಎಂದರು.

ಮಾರ್ಚ್ ೨೨

ಮನೆ ಚೊಕ್ಕಟವಾಗಿದೆ. ನೆಲದಲ್ಲಿ ಕೂದಲಿಲ್ಲ. ಕೆಳಗಿನವರು ಕುಟ್ಟುವುದಿಲ್ಲ.

ಭಾವ ಹೇಳುವುದು ಕಡಿಮೆಯಾಗಿದೆ. ಬೆಳಗ್ಗೆ ಒಂದೆರಡು ಸಲ, ಹೇಳಿ ಬಾಗಿಲಿನ ಕೆಳಭಾಗ ನೋಡುತ್ತಾರೆ, ಅಲ್ಲಿ ಯಾರೋ ಎದ್ದು ನಿಲ್ಲಬೇಕು ಎಂಬ ಹಾಗೆ. ಆಮೇಲೆ ಸುಮ್ಮನಾಗುತ್ತಾರೆ. ನೀರು, ಮಾತ್ರೆ, ಹೊರಳಿಸುವುದು, ಎಲ್ಲವನ್ನೂ ಕೇಳುವ ಮೊದಲೇ ಹೊತ್ತಿಗೆ ಸರಿಯಾಗಿ ಮಾಡುತ್ತೇನೆ. ಕೇಳುವ ಅಗತ್ಯವೇ ಬರುವುದಿಲ್ಲ.

ಏಪ್ರಿಲ್ ೩

ಮೇಡಂ ಬಂದಿದ್ದರು. ಎಲ್ಲ ಕಾರ್ಡೂ ತೋರಿಸಿದರು. ಭಾವ ಕಾರ್ಡು ನೋಡಲಿಲ್ಲ. ‘ಯಾವಾಗಿಂದ ಹೀಗೆ, ಆ ಒಂದು ಮಾತೂ ಇಲ್ದೆ?’ ಎಂದು ಮೇಡಂ ಕೇಳಿದರು. ನೆನಪಾಗಲಿಲ್ಲ. ನಾನು ಬರೆದಿಟ್ಟಿರಲಿಲ್ಲ.

ಮುಂದಿನ ತಿಂಗಳಿಂದ ಬರುವುದಿಲ್ಲವಂತೆ. ಬೇರೆಯವರಿಗೆ ಸಮಯ ಕೊಡಬೇಕು.

ಏಪ್ರಿಲ್ ೮

ಊಟ ಹಾಕಿದೆ. ಒರೆಸಿದೆ. ಹೊರಳಿಸಿದೆ. ಪಕ್ಕದ ಮನೆಯವರು ಇಣುಕಿ ‘ಪಾಪ, ಎಷ್ಟು ಒಳ್ಳೆ ಪೇಶೆಂಟು, ಒಂದು ತಕರಾರಿಲ್ಲ’ ಎಂದರು. ಹೌದು.

ಏಪ್ರಿಲ್ ೧೯

ಅಕ್ಕನಿಗೆ ಕೊನೆಗೂ ರಜೆ ಸಿಕ್ಕಿದೆ. ಬೆಳಗ್ಗೆಯಿಂದ ಮನೆಯಲ್ಲೇ ಇದ್ದಳು.

ಮಧ್ಯಾಹ್ನ ಕನ್ನಡಕ ಬಂದ, ಏದುಸಿರು ಬಿಡುತ್ತಾ. ಪ್ರೆಸ್ಸಿನವರೆಲ್ಲ ಕೆಲಸ ನಿಲ್ಲಿಸಿದ್ದಾರಂತೆ. ಇವತ್ತು ಮೆರವಣಿಗೆ. ‘ನಿನ್ನನ್ನ ವಾಪಸ್ ತಗೋಬೇಕು ಅನ್ನೋದೂ ಬೇಡಿಕೇಲಿದೆ ಕಣೇ. ಮೊದಲನೇ ಸಾಲಲ್ಲಿ ನೀನಿರಬೇಕು. ಎಲ್ಲರೂ ಕೆಳಗೆ ಕಾಯ್ತಿದ್ದಾರೆ. ಬಾ ಬೇಗ.’

ಕೆಳಗಿನಿಂದ ಯಾರೋ ನನ್ನ ಹೆಸರು ಕೂಗುತ್ತಿದ್ದರು.

‘ಹೋಗೇ, ನಾನಿದ್ದೀನಲ್ಲ’ ಎಂದಳು ಅಕ್ಕ. ‘ರಾತ್ರಿ ಬಂದ್ರೂ ಪರವಾಗಿಲ್ಲ.’

ಇವತ್ತು ಬೇಡ ಎಂದೆ.

‘ಇವತ್ತು ಬೇಡ ಅಂದ್ರೆ? ಮೆರವಣಿಗೆ ಇರೋದೇ ಇವತ್ತು!’

‘ಬಿಸಿಲು’ ಎಂದೆ.

ಅವನು ಕನ್ನಡಕ ತೆಗೆದು ಒರೆಸಿಕೊಂಡು ನನ್ನನ್ನು ನೋಡಿದ. ಇನ್ನೊಂದು ಸಲ ಕರೆದ. ಆಮೇಲೆ ಇಳಿದುಹೋದ. ಕೂಗುತ್ತಿದ್ದವರು ಸ್ವಲ್ಪ ಹೊತ್ತು ಕೂಗಿ ನಿಲ್ಲಿಸಿದರು. ಬಾಗಿಲು ಹಾಕಿದೆ.

‘ಯಾಕೆ ಹೋಗ್ಲಿಲ್ಲ?’ ಎಂದು ಅಕ್ಕ ಕೇಳಿದಳು. ಅವಳ ದನಿ ಯಾಕೋ ಹೆದರಿದ ಹಾಗಿತ್ತು. ಯೋಚಿಸಿದೆ. ಅಂಥ ಕಾರಣವೇನೂ ಹೊಳೆಯಲಿಲ್ಲ. ಭಾವನನ್ನು ಗೋಡೆಯ ಕಡೆಗೆ ಹೊರಳಿಸುವ ಹೊತ್ತಾಗಿತ್ತು. ಹೊರಳಿಸಿದೆ.